ತುಕ್ಕು ನಿರ್ಮೂಲನ ಚಳವಳಿ

ತಿದ್ದಲಾಗದ ವಸ್ತುವೊಂದು ಈ ಜಗತ್ತಿನಲ್ಲಿ ಇಲ್ಲವೆಂಬುದು ನನ್ನ ದೃಢ ನಂಬಿಕೆಯಾಗಿತ್ತು. ನಿಜಾಮರ ಆಡಳಿತ ಮುಗಿದು ಜಾಗೀರುಗಳು ರದ್ದಾದಾಗ, ಜಾಗೀರದಾರರೊಬ್ಬರ ಹಳೆಯ ಕಾರನ್ನು ಅದೇ ನಂಬಿಕೆಯಿಂದ ಕೊಂಡು ಸುರಪುರಕ್ಕೆ ತಂದೆ. ಮೈಲಿ ತೋರಿಸುವ ಅಂಕಿಗಳು ಎರಡು ಸಲ ಪೂರ್ತಿ ತಿರುಗಿ ಸೊನ್ನೆಯಿಂದ ಮತ್ತೆ ಹೊರಟಿದ್ದವು. ಪುನರ್ಜನ್ಮವನ್ನು ನಂಬದ ನಾನು ಕಾರಿನ ವಿಷಯದಲ್ಲಿ ರಿಯಾಯಿತಿ ತೋರಿದೆ.

ಮರುದಿನ ನನ್ನ ಹೆಂಡತಿ ಶಾಂತಾಗೆ ಶಹಾಪುರದಲ್ಲಿ ಸಂದರ್ಶನವಿತ್ತು. ಹೆಣ್ಣುಮಕ್ಕಳ ಹೊಸ ಕನ್ನಡ ಶಾಲೆಗೆ ಒಬ್ಬ ಶಿಕ್ಷಕಿ ಬೇಕಾಗಿತ್ತು. ಸಂದರ್ಶನ ಮಾಡುವ ಸಾಹೇಬರು ಹನ್ನೊಂದಕ್ಕೆ ಎದ್ದು ಹೊರಡುವವರು. ಎರಡು ವರ್ಷ ಒಲೆಯ ಮುಂದೆ ಕುಳಿತು ಓದಿ ಪಾಸಾದವಳು ಶಾಂತಾ. ಅವಳನ್ನು ಕರೆದೊಯ್ಯುವ ಐತಿಹಾಸಿಕ ಹೊಣೆಯನ್ನು ನಾನು ಹೊತ್ತೆ.

ಮೆಕ್ಯಾನಿಕ್ ಖಾಜಾ ಚಾಚಾ ಕಾರಿನ ಕೆಳಗೆ ಹೊಕ್ಕು ಹೊರಬಂದರು. ಇಡೀ ಗಾಡಿಯನ್ನು ಹೊತ್ತ ಕಬ್ಬಿಣದ ಎರಡು ತೊಲೆಗಳಿಗೆ ತುಕ್ಕು ಹಿಡಿದಿತ್ತು.

"ಮಾಸ್ತರ, ಮದ್ಲ ಹೊಸಾ ಪಟ್ಟಿ ಕೂಡಸ್ತೀನಿ. ಆಮ್ಯಾಲ ಹಳೇದು ಕೆರಿಯೂಣು. ಈಗಽ ಕೆರೀಬ್ಯಾಡ್ರಿ, ಆ ತುಕ್ಕಽ ಗಾಡಿ ಹಿಡಕೊಂಡು ನಿಂತದ."

ಇಂಥ ರಾಜಿಕೋರತನವನ್ನು ನಾನು ಸಹಿಸುವವನಲ್ಲ.

"ಕೊಳತದ್ದಽ ನಮ್ಮನ್ನ ಹಿಡದು ನಿಲ್ಲಿಸ್ಯದ ಅನ್ನೂದು ಜಾಗೀರದಾರರ ವಾದ, ಚಾಚಾ!"

"ನಾ ಜಾಗೀರದಾರ ಅಲ್ರಿ, ಪಾನಾ-ಸುತ್ತಿಗಿ ಹಿಡಿಯಾಂವ," ಎಂದು ಚಾಚಾ ಊಟಕ್ಕೆ ಹೋದರು.

ಅವರು ಮರಳುವಷ್ಟರಲ್ಲಿ ಉಳಿ, ಸುತ್ತಿಗೆಗಳಿಂದ ತುಕ್ಕಿನ ಸಮೂಲ ನಿರ್ಮೂಲನೆಯನ್ನು ನಾನು ಪೂರೈಸಿದ್ದೆ. ಎಡಗಡೆ ಮೊಳದುದ್ದ ತುಕ್ಕು ಹೋಯಿತು. ತೊಲೆಯೂ ಹೋಯಿತು!

"ಪಟ್ಟಿ ಯಾತಕ್ಕ ಬಡೀಲ್ರಿ ಈಗ, ಗಾಳಿಗೇನು?" ಚಾಚಾ ತಲೆಯ ಮೇಲೆ ಕೈಹೊತ್ತು ಕುಳಿತರು. ಹೊಸ ತೊಲೆ ಯಾದಗಿರಿಯಿಂದ ಬರಲು ನಾಲ್ಕು ದಿನ ಬೇಕು. ನಮಗಿದ್ದದ್ದು ಒಂದು ರಾತ್ರಿ.

ನಾನು ಎದೆಗುಂದಲಿಲ್ಲ. ಬಡಿಗೇರರ ಮನೆಯಿಂದ ಹಳೆಯ ನೊಗವೊಂದನ್ನು ತಂದು, ತಂತಿ, ಹಗ್ಗಗಳಿಂದ ತೊಲೆಯ ಜಾಗದಲ್ಲಿ ಬಿಗಿಸಿದೆ. ರೈತನ ನೊಗವು ಜಾಗೀರದಾರನ ಕಾರನ್ನು ಎತ್ತಿ ಹಿಡಿಯುವುದು! ಈ ದೃಶ್ಯಕ್ಕೆ ನನ್ನ ಕಣ್ಣುಗಳು ತುಂಬಿದವು. ಚಾಚಾರ ಕಣ್ಣುಗಳೂ ತುಂಬಿದವು. ಕಾರಣ ಬೇರೆ.

"ಇದು ಶಾಪುರ ಮುಟ್ಟತದನ್ರಿ?" ಶಾಂತಾ ಕೇಳಿದಳು.

"ಮುಟ್ಟೂದೇನು, ಇತಿಹಾಸ ಸೇರತದ!"

ಬೆಳಿಗ್ಗೆ ಚಾಚಾ ಸೇರಿ ಮೂವರೂ ಹೊರಟೆವು. ಪ್ರತಿ ಗುಂಡಿಗೂ ನೊಗ ನರಳುತ್ತಿತ್ತು. ಶಾಂತಾ ಸರ್ಟಿಫಿಕೇಟುಗಳನ್ನು ಎದೆಗೆ ಅವುಚಿಕೊಂಡಿದ್ದಳು. ಶಹಾಪುರ ಇನ್ನು ಮೂರು ಮೈಲಿ ಎನ್ನುವಲ್ಲಿ ಫಟ್ಟೆಂಬ ಸದ್ದು. ಕಾರು ನಡು ಮುರಿದು ರಸ್ತೆಯ ಮೇಲೆ ಕುಳಿತುಬಿಟ್ಟಿತು. ನಾಲ್ಕೂ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡವು. ಗಂಟೆ ಹತ್ತೂಕಾಲು!

ಜಾಗೀರದಾರ, ರಸ್ತೆಯ ಗುತ್ತಿಗೆದಾರ, ಕಾರು ಮಾಡಿದ ಸಾಮ್ರಾಜ್ಯಶಾಹಿ, ಹೀಗೆ ಹೊಣೆಗಾರರ ಹೆಸರುಗಳನ್ನು ನಾನು ಒಂದೊಂದಾಗಿ ಹೇಳತೊಡಗಿದೆ.

"ಅವರು ಬಂದು ಬಾಗಲಾ ತಗೀತಾರನ್ರಿ?" ಎಂದಳು ಶಾಂತಾ.

ಸಂತೆಗೆ ಹೊರಟಿದ್ದ ಚಕ್ಕಡಿಯೊಂದು ನಿಂತಿತು. ಅದರಲ್ಲಿದ್ದ ಮುದುಕಿ ಕೂಗಿದಳು: "ಕಿಡಕಿಲಿಂದ ಬಾರವ್ವ ಮಗಳ! ಎತ್ತು ಹೊಡದು ಓಡಸ್ತೀವಿ."

"ತಡೀ, ಜನಾ ನೋಡಾಕತ್ತಾರ!" ಎಂದೆ. ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ತಾಲ್ಲೂಕಿನಾದ್ಯಂತ ಭಾಷಣ ಮಾಡಿದ ಬಾಯಿ ಅದೇ!

"ನೋಡ್ಲಿ ಬಿಡ್ರಿ!" ಶಾಂತಾ ಸೆರಗು ಸಿಕ್ಕಿಸಿ ಹಾರಿದಳು. ಹಿಂದೆಯೇ ಚಾಚಾ. ನನ್ನ ತಲೆ, ಹೆಗಲುಗಳು ಹೊರಬಂದವು. ಹೊಟ್ಟೆ ಒಪ್ಪಲಿಲ್ಲ.

"ಗರಗಸ ತರ್ತೀನಿ, ಅಲ್ಲೀತನಕ ಅಳಗ್ಯಾಡಬ್ಯಾಡ್ರಿ," ಎಂದರು ಚಾಚಾ. ಚಕ್ಕಡಿ ಧೂಳೆಬ್ಬಿಸಿ ಓಡಿತು.

ರಸ್ತೆಯಲ್ಲಿ ನಾನು ಕುಳಿತರೆ ಅದು ಸತ್ಯಾಗ್ರಹವೇ ಎಂಬುದು ಸುತ್ತಲಿನ ಹಳ್ಳಿಗಳಿಗೆ ರೂಢಿಯಾಗಿತ್ತು. ಕುರಿ ಹೊಡೆದುಕೊಂಡು ಬಂದ ಮಲ್ಲಪ್ಪ ಕೈಮುಗಿದ.

"ಯಾವ ಅನ್ಯಾಯಕ್ಕ ಕುಂತೀರಿ, ಮಾಸ್ತರ?"

"ಘೋರ ಅನ್ಯಾಯ," ಎಂದೆ. ವಿವರಿಸಲಿಲ್ಲ.

ಮಲ್ಲಪ್ಪ ಕುಳಿತ. ಬಂದವರೆಲ್ಲ ಕುಳಿತರು. ಒಬ್ಬ ಚೆಂಡುಹೂವಿನ ಹಾರ ಹಾಕಿದ. ಇನ್ನೊಬ್ಬ ಬುತ್ತಿ ಬಿಚ್ಚಿ ರೊಟ್ಟಿ ಚಾಚುತ್ತಲೇ ಮಲ್ಲಪ್ಪ ಗದರಿದ: "ಉಪಾಸ ಅದಾರ, ಕೊಡಬ್ಯಾಡೋ!" ಚಾಚಿದ್ದ ನನ್ನ ಕೈಯನ್ನು ನಮಸ್ಕಾರವಾಗಿ ಪರಿವರ್ತಿಸಬೇಕಾಯಿತು.

ಹನ್ನೊಂದಾಯಿತು. ಹನ್ನೆರಡೂ ಆಯಿತು. ಮುಟ್ಟಿದಳೋ ಇಲ್ಲವೋ? ಕುತ್ತಿಗೆ ಚಾಚಿ ರಸ್ತೆಯನ್ನೇ ನೋಡಿದೆ. ಅವಳ ಎರಡು ವರ್ಷಗಳನ್ನು ಒಂದು ಉಳಿಯಿಂದ ಕೆರೆದು ಹಾಕಿದೆನೇ?

ಕೊನೆಗೂ ಚಕ್ಕಡಿ ಬಂತು. ಶಾಂತಾ ನಿಂತುಕೊಂಡೇ ಕಾಗದವೊಂದನ್ನು ಎತ್ತಿ ಹಿಡಿದಿದ್ದಳು.

"ಆತ್ರಿ! ಸಾಹೇಬ್ರು ಹೊರಗ ಕಾಲಿಡಾಕತ್ತಿದ್ರು, ಅಡ್ಡ ನಿಂತೆ. ನಾಳಿಗಽ ಹಾಜರಾಗಂದ್ರು!"

ನಾನು ಕೊರಳಿನ ಹಾರ ತೆಗೆದು ಅವಳತ್ತ ಚಾಚಿದೆ. ಮಲ್ಲಪ್ಪ ನಡುವೆ ಬಂದ.

"ಅಕ್ಕಾರ, ಮಾಸ್ತರು ಬಾಯಿ ಬಿಡವಲ್ರು. ಈ ಅನ್ಯಾಯ ಯಾರು ಮಾಡ್ಯಾರ? ಹೆಸರ ಹೇಳ್ರಿ, ಧಿಕ್ಕಾರ ಕೂಗ್ತೀವಿ."

ಗಂಡನ ಹೆಸರು ಹೇಳಬಾರದೆಂಬ ಮೂಢ ಸಂಪ್ರದಾಯವನ್ನು ನಾನೆಷ್ಟು ಖಂಡಿಸಿದರೂ ಶಾಂತಾ ಬಿಟ್ಟಿರಲಿಲ್ಲ. ಸುಮ್ಮನೆ ಬೆರಳೆತ್ತಿ ನನ್ನನ್ನು ತೋರಿಸಿದಳು.

ಜನ ತಬ್ಬಿಬ್ಬಾದರು. ಚಾಚಾ ಮಾತ್ರ ಗರಗಸ ಎತ್ತಿ ಗಂಟಲು ಹರಿಯುವಂತೆ ಕೂಗಿದರು: "ಮಾಸ್ತರಗ...!"

"ಧಿಕ್ಕಾರ!"

ಎಲ್ಲಕ್ಕಿಂತ ಜೋರಾದ ದನಿ, ಅಭ್ಯಾಸಬಲದಿಂದ ಕಿಟಕಿಯಾಚೆ ಮುಷ್ಟಿಯೆತ್ತಿದ್ದ ನನ್ನದೇ ಆಗಿತ್ತು!