ಗೈರುಹಾಜರಾದವರ ಪರವಾಗಿ ಶಾಲು ಭಿಕ್ಷೆ ಬೇಡುವುದನ್ನು ನಿಷೇಧಿಸುವ ಬಗ್ಗೆ

ಸಂಖ್ಯೆ: ಭಿ.ಶಾ.ನಿ/ಬಾಗಿಲು-2/21
ಅಡಿಸ್ ಅಬಾಬಾ, ಹೆದಾರ್ ತಿಂಗಳ 24

(ಮುದ್ರೆ ಸವೆದಿರುವುದರಿಂದ ಇಲಾಖೆಯ ಹೆಸರು ಕಾಣುವುದಿಲ್ಲ.)

ವಿಷಯ: ಮರಿಯಮ್ ಚರ್ಚಿನ ಹೊರಬಾಗಿಲಲ್ಲಿ ಖಾಲಿ ಜಾಗಕ್ಕೆ ಭಿಕ್ಷೆ ಬೀಳುತ್ತಿರುವ ಕುರಿತು.

ಉಲ್ಲೇಖ: ಪರಿವೀಕ್ಷಕ ಗೆಬ್ರೆಯೆಸ್ ಅವರ ಸ್ಥಳ ತನಿಖಾ ವರದಿ.

ಸದರಿ ಬಾಗಿಲಿನ ಎಡಗೋಡೆಗೆ ಒರಗಿ ಹದಿನೇಳು ವರ್ಷಗಳಿಂದ ಕೂರುತ್ತಿದ್ದ ಯೆಶಿಮೆಬೆತ್ ಎಂಬ ವೃದ್ಧೆ ಎರಡು ವಾರಗಳಿಂದ ಜ್ವರದಲ್ಲಿ ಮಲಗಿದ್ದು, ಅವರ ಜಾಗದಲ್ಲಿ ಅವರ ಬಿಳಿ ಶಾಲು ಕುಳಿತಿರುವುದು ಗಮನಕ್ಕೆ ಬಂದಿದೆ. ಶಾಲಿಗೆ ಬಿದ್ದ ರೊಟ್ಟಿಯನ್ನು ಅಕ್ಕಪಕ್ಕದ ಭಿಕ್ಷುಕರು ತಾವು ತಿನ್ನದೆ ವೃದ್ಧೆಯ ಗುಡಿಸಲಿಗೆ ತಲುಪಿಸುತ್ತಿದ್ದಾರೆ. ಇದು ಅನುಮತಿ ಪಡೆಯದೆ ನಡೆಯುತ್ತಿರುವ ದಯೆ. ಏಳು ದಿನ ಖಾಲಿ ಬಿದ್ದ ಜಾಗವನ್ನು ಬೇರೆಯವರಿಗೆ ಕೊಡುವುದು ನಿಯಮ. ಜಾಗ ಹೋದರೆ ವೃದ್ಧೆಗೆ ಊಟವಿಲ್ಲ ಎಂಬುದು ಇಲಾಖೆಗೆ ಗೊತ್ತು. ಆದರೆ ಅದಕ್ಕೆ ಕಡತ ತೆರೆದಿಲ್ಲ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಭಿಕ್ಷೆ ಬೇಡುವವರು ಖುದ್ದು ಹಾಜರಿರತಕ್ಕದ್ದು. ಶಾಲು, ಊರುಗೋಲು, ತಟ್ಟೆಗಳಿಗೆ ಹಸಿವಾಗುವುದಿಲ್ಲ ಎಂದು ಪರಿಗಣಿಸಲಾಗಿದೆ.

2. ಕಾಯಿಲೆ ಬೀಳುವವರು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

3. ಒಬ್ಬರ ರೊಟ್ಟಿಯನ್ನು ಇನ್ನೊಬ್ಬರು ಒಯ್ಯುವುದು ಸರಕು ಸಾಗಣೆಯಾಗಿದ್ದು, ಸಾಗಿಸುವವರಿಗೆ ಎರಡೂ ಕಾಲಿರತಕ್ಕದ್ದು. ಈವರೆಗೆ ಸಾಗಿಸುತ್ತಿರುವ ತಿಲಾಹುನ್ ಅವರಿಗೆ ಒಂದೇ ಕಾಲಿರುವುದರಿಂದ ವಿವರಣೆ ಕೇಳಲಾಗಿ, "ಕಾಲಿಲ್ಲ, ನಿಜ ಸ್ವಾಮಿ. ರೊಟ್ಟಿ ಹೊರೋದು ತಲೆ ಮೇಲೆ. ನನ್ ತಲೆ ನೆಟ್ಟಗಿದೆ. ನಿಮ್ದು?" ಎಂದು ತಿಳಿಸಿದ್ದಾರೆ. ಕೊನೆಯ ಪ್ರಶ್ನೆಗೆ ಉತ್ತರಿಸಲು ಕಾಲಾವಕಾಶ ಕೋರಲಾಗಿದೆ.

4. ಜಾಗ ನಿಜಕ್ಕೂ ಖಾಲಿಯೇ ಎಂದು ಖಚಿತಪಡಿಸಿಕೊಳ್ಳಲು ಪರಿವೀಕ್ಷಕರು ಮೊನ್ನೆ ಮರಿಯಮ್ ಹಬ್ಬದ ಬೆಳಿಗ್ಗೆ ಶಾಲು ಸರಿಸಿ ಸ್ವತಃ ಕುಳಿತರು. ಐದೇ ನಿಮಿಷದಲ್ಲಿ ಅವರ ಮಡಿಲಿಗೆ ರೊಟ್ಟಿ ಬಿತ್ತು. ಪಕ್ಕದ ಭಿಕ್ಷುಕಿ ಅಸ್ನಾಕೆಚ್, "ಏಳೋ ಮಾರಾಯ, ಅದು ಅಜ್ಜೀದು! ಹಸಿವಾದ್ರೆ ನಂದ್ರಲ್ಲಿ ತಿನ್ನು" ಎಂದು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು. ಬೆಳಿಗ್ಗೆಯಿಂದ ಏನೂ ತಿಂದಿರದ ಅಧಿಕಾರಿಗಳು ಅದನ್ನು ಕೂತಲ್ಲೇ ತಿಂದರು. ಅವರಿಗೆ ಬಹಳ ನಾಚಿಕೆಯಾಯಿತು ಎಂಬುದನ್ನೂ ದಾಖಲಿಸಲಾಗಿದೆ.

5. ಇನ್ನು ಮುಂದೆ ಯಾವ ಅಧಿಕಾರಿಯೂ ಕೂತು ತನಿಖೆ ಮಾಡತಕ್ಕದ್ದಲ್ಲ.

6. ಶಾಲನ್ನು ಇಂದೇ ತೆರವುಗೊಳಿಸತಕ್ಕದ್ದು. ಚಳಿ ಹೆಚ್ಚಿರುವುದರಿಂದ ಅದನ್ನು ಸದರಿ ವೃದ್ಧೆಗೆ ಹೊದಿಸತಕ್ಕದ್ದು.

ಸಹಿ/-
(ಗೆಬ್ರೆಯೆಸ್)
ಪರಿವೀಕ್ಷಕರು, ಬಾಗಿಲು ಮತ್ತು ಗೋಡೆ

ಪ್ರತಿಗಳು:

1. ಚರ್ಚಿನ ಮುಖ್ಯ ಪಾದ್ರಿಗಳಿಗೆ, ಮಾಹಿತಿಗಾಗಿ.

2. ತಿಲಾಹುನ್ ಅವರಿಗೆ, ಉತ್ತರ ತಡವಾಗಿರುವುದಕ್ಕೆ ಕ್ಷಮೆ ಕೋರಿ.

3. ಎಡಗೋಡೆಯ ಖಾಲಿ ಜಾಗಕ್ಕೆ. ಶಾಲು ತೆಗೆದ ಕೂಡಲೇ ಈ ಪ್ರತಿಯನ್ನು ಅಲ್ಲಿ ಹಾಸಿ, ಹಾರಿಹೋಗದಂತೆ ಕಲ್ಲು ಇಡತಕ್ಕದ್ದು. ಇದು ಸರ್ಕಾರಿ ಕಾಗದವಾದ್ದರಿಂದ ಅಜ್ಜಿ ಬರುವವರೆಗೆ ಇದರ ಮೇಲೆ ಯಾರೂ ಕೂರುವಂತಿಲ್ಲ. ರೊಟ್ಟಿ ಹಾಕಬಹುದು.