ಬಸ್ ಸ್ಟ್ಯಾಂಡಿನ ಮದನಿಕೆಯ ಮೂಗು

ಹಳೇಬೀಡಿನ ಹೊಸ ಬಸ್ ತಂಗುದಾಣದ ಸಾರುವೆ ಬೊಂಬು ಬಿಚ್ಚಿದ ಬೆಳಿಗ್ಗೆ ಹೋಟೆಲಿನ ಕೃಷ್ಣಪ್ಪ ಕಾಫಿ ಲೋಟ ಹಿಡಿದುಕೊಂಡು ಮೇಲೆ ನೋಡದೇ ಹೋಗಿದ್ದರೆ, ಗಾರೆ ಕೆಲಸದ ಹನುಮಯ್ಯನಿಗೆ ಆ ದಿನ ಸುಖವಾಗಿ ಕಳೆಯುತ್ತಿತ್ತು.

“ಏನ್ಲಾ ಹನುಮಯ್ಯ, ಈ ಬೊಂಬೆ ತೇಟು ನಮ್ ಛೇರ್ಮನ್ರ ಹೆಂಡ್ರು ರುದ್ರಮ್ಮೋರು ಇದ್ದಂಗೈತಲ್ಲ” ಎಂದ ಕೃಷ್ಣಪ್ಪ.

ಅದು ಎಪ್ಪತ್ತೆಂಟನೆಯ ಇಸವಿ. “ಪಕ್ಕದಲ್ಲಿ ಅಂಥ ಗುಡಿ ಇಟ್ಕೊಂಡು ಬೆಂಕಿಪೊಟ್ಟಣ ಕಟ್ಟೋದು ನಾಚಿಕೆಗೇಡು” ಎಂದು ಎಂಜಿನಿಯರು ಹೊಸ ನಕ್ಷೆ ಬರೆದಿದ್ದರು. ಮೇಲೆ ಆರ್‌ಸಿಸಿ ಚಾವಣಿ, ಕೆಳಗೆ ಬುಗುರಿ ಕಡೆದಂಥ ಕಂಬ, ಕಂಬದ ನೆತ್ತಿಗೆ ಸಿಮೆಂಟಿನ ಮದನಿಕೆ. ಬೇಲೂರಿನ ಮದನಿಕೆ ಕನ್ನಡಿ ನೋಡುತ್ತಾಳೆ. ಇವಳು ಹಣೆಗೆ ಕೈ ಅಡ್ಡ ಹಿಡಿದು ಬಸ್ಸಿನ ದಾರಿ ನೋಡಬೇಕು. ಮುಖ ಹೇಗಿರಬೇಕೆಂದು ಮಾತ್ರ ನಕ್ಷೆಯಲ್ಲಿರಲಿಲ್ಲ. “ಅದು ನಿನಗೆ ಬಿಟ್ಟಿದ್ದು. ಚೆನ್ನಾಗಿ ಬಂದರೆ ಜಾವಗಲ್ಲಿನ ತಂಗುದಾಣವೂ ನಿನ್ನದೇ” ಎಂದಿದ್ದರು ಎಂಜಿನಿಯರು. ಅದುವರೆಗೆ ಬಚ್ಚಲು ತೊಟ್ಟಿ ಕಟ್ಟಿಕೊಂಡಿದ್ದ ಹನುಮಯ್ಯನಿಗೆ ಅದು ದೊಡ್ಡ ಮಾತು.

ಕೃಷ್ಣಪ್ಪನ ಮಾತು ಪಂಚಾಯ್ತಿ ಛೇರ್ಮನ್ ಚನ್ನಬಸವಯ್ಯನವರನ್ನು ಮುಟ್ಟಲು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಉಕ್ಕಿದ ಹಾಲಿನಂತೆ ಬುಸುಗುಡುತ್ತಾ ಬಂದರು.

“ನಮ್ಮನೆಯವಳನ್ನ ತಂದು ಬಸ್ ಸ್ಟ್ಯಾಂಡ್‌ನಾಗೆ ನಿಲ್ಸಿದೀಯಲ್ಲ, ಬುದ್ಧಿ ಐತಾ ನಿಂಗೆ? ನಾಳೆ ಮಂತ್ರಿಗಳು ಟೇಪ್ ಕತ್ತರಿಸೋಕೆ ಬತ್ತಾರೆ. ಅಷ್ಟೊತ್ತಿಗೆ ಆ ಮೂಗು ಬೇರೆ ಆಗಿರ್ಬೇಕು.”

“ಅವ್ರಲ್ಲ ಸ್ವಾಮಿ ಅದು.”

“ಮತ್ಯಾರು?”

ಹನುಮಯ್ಯ ಕರಣೆ ಎತ್ತಿಕೊಂಡ. ಗಾರೆ ಇನ್ನೂ ಹಸಿಯಾಗಿತ್ತು. ಏಣಿ ಹತ್ತಿ ಮೂಗನ್ನು ಚೂಪು ಮಾಡಿದ.

ಹತ್ತು ಗಂಟೆಗೆ ಬಸ್ತಿಹಳ್ಳಿಯ ಜವಳಿ ವ್ಯಾಪಾರಿ ಜಿನದಾಸರು ಬಂದು ಸೈಕಲ್ ಇಳಿದವರೇ ಮೇಲೆ ನೋಡಿದರು. ಸ್ಟ್ಯಾಂಡ್ ಹಾಕುವುದು ಮರೆತದ್ದಕ್ಕೆ ಸೈಕಲ್ಲು ದೊಪ್ಪನೆ ಬಿತ್ತು. ಅವರು ಗಟ್ಟಿಯಾಗಿ ಮಾತಾಡುವವರೇ ಅಲ್ಲ.

“ಹನುಮಯ್ಯ, ನನ್ನ ಹೆಂಡತಿ ಕಾಂಚನಮಾಲಾ ನಿನಗೆ ಏನು ಅನ್ಯಾಯ ಮಾಡಿದ್ದಾಳಪ್ಪ?”

“ಹೌದು ಕಣ್ಲಾ, ಅದೇ ಮೂಗು” ಎಂದು ಕೃಷ್ಣಪ್ಪ ಸಾಕ್ಷಿ ನುಡಿದ.

ಬಸ್ಸಿಗೆ ಬಂದವರು ಬಂದ ಬಸ್ಸನ್ನು ಬಿಟ್ಟು ಸಲಹೆ ಕೊಡಲು ನಿಂತರು. ಕೆನ್ನೆ ತುಂಬು ಎಂದರು, ತುಂಬಿದ. ಗದ್ದ ಅಗಲ ಮಾಡು ಎಂದರು, ಮಾಡಿದ. ಹುಬ್ಬನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಣಿ ಇಳಿದು ದೂರದಿಂದ ನೋಡಿದ ಹನುಮಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಕೃಷ್ಣಪ್ಪ ಪಿಸುಗುಟ್ಟಿದ: “ಮೀಸೆ ಒಂದು ಕಮ್ಮಿ. ಇಲ್ದಿದ್ರೆ ಛೇರ್ಮನ್ರೇ.”

ಚನ್ನಬಸವಯ್ಯನವರು ಅದನ್ನು ಕೇಳಿ ಬಾಯಿ ತೆರೆಯುವಷ್ಟರಲ್ಲಿ ರುದ್ರಮ್ಮನವರು ರೇಷ್ಮೆ ಸೀರೆಯುಟ್ಟು, ನಾಲ್ವರು ಗೆಳತಿಯರನ್ನು ಕರೆದುಕೊಂಡು ಬಂದೇಬಿಟ್ಟರು. ತಮ್ಮ ಮುಖ ನೋಡಲು.

“ಬೆಳಿಗ್ಗೆ ಇತ್ತಂತಲ್ಲ, ಅಳಿಸ್ದೋರು ಯಾರು?”

ಎಲ್ಲರೂ ಛೇರ್ಮನ್ನರನ್ನು ನೋಡಿದರು. ಅವರು ನೆಂದ ಬೆಕ್ಕಿನಂತಾಗಿ, “ಮರ್ಯಾದೆ ಪ್ರಶ್ನೆ ಅಂತ...” ಎಂದರು.

“ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ನನ್ನ ಮುಖಾನೂ ಚೆಂದ ಅಂತ ಅಂದ್ಕೊಂಡೋನು ಇವನೊಬ್ನೇ. ಅದನ್ನೂ ಕೆರೆಸಿ ಹಾಕಿದ್ರಾ? ಹನುಮಯ್ಯ, ಮೊದಲಿದ್ದಂಗೇ ಮಾಡಪ್ಪ. ನಾನು ಎದುರಿಗೆ ಕೂತ್ಕೋಬೇಕಾ?”

“ಬ್ಯಾಡಿ ಅಮ್ಮಾವ್ರೇ. ಮನಸ್ನಾಗೈತೆ.”

ಮನಸ್ಸಿನಲ್ಲಿದ್ದದ್ದು ರುದ್ರಮ್ಮನವರಲ್ಲ. ತನ್ನೂರು ಗೆಂಡೆಹಳ್ಳಿಯಲ್ಲಿ ಅವನು ಬಸ್ಸಿಳಿದು ಬರುವುದನ್ನೇ ದಿನಾ ಸಂಜೆ ಹಣೆಗೆ ಕೈ ಹಿಡಿದು ನೋಡುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದ ಹೆಂಡತಿ ಸಾವಿತ್ರಮ್ಮ. ಅಷ್ಟು ಜನರ ಮುಂದೆ ಅದನ್ನು ಹೇಳುವುದುಂಟೇ? ಕೆರೆದದ್ದನ್ನೆಲ್ಲ ಮೆತ್ತಿ, ಮೆತ್ತಿದ್ದನ್ನೆಲ್ಲ ಕೆರೆದು ಅವಳನ್ನೇ ಮತ್ತೆ ಮಾಡಿದ. ಕೈ ತಾನಾಗಿಯೇ ನಡೆಯಿತು. ಬೆಳಗಿನದಕ್ಕಿಂತ ಚೆನ್ನಾಗಿ ಬಂತು.

“ಈಗ ಸರಿ. ಇದು ನಾನೇ” ಎಂದರು ರುದ್ರಮ್ಮನವರು. ಛೇರ್ಮನ್ನರು ಎರಡು ಸಲ ಹೌದೆಂದರು. ಸಂಜೆ ಎಂಜಿನಿಯರು ಬಂದು ಕಂಬವನ್ನು ಸುತ್ತಿ ನೋಡಿ, “ಹಳೇ ಗುಡಿಗೂ ಹೊಸಾ ಸಿಮೆಂಟಿಗೂ ನೆಂಟಸ್ತಿಕೆ ಕುದುರಿಸಿಬಿಟ್ಟೆ ಕಣಯ್ಯ. ಜಾವಗಲ್ ನಿನಗೇ” ಎಂದರು.

ಅಷ್ಟರಲ್ಲಿ ಬೇಲೂರು ಕಡೆಯ ಬಸ್ಸಿನಿಂದ ಸಾವಿತ್ರಮ್ಮ ಇಳಿದಳು. ಗಂಡನನ್ನು ಹಳೇಬೀಡಿನ ಜನ ಹಿಡಿದುಕೊಂಡಿದ್ದಾರೆಂದು ಯಾರೋ ಹೇಳಿದ್ದಕ್ಕೆ ಓಡಿಬಂದಿದ್ದಳು. ರುದ್ರಮ್ಮನವರೆಂದು ಕೃಷ್ಣಪ್ಪ ತೋರಿಸಿದ ಮದನಿಕೆಯನ್ನು ಬಹಳ ಹೊತ್ತು ನೋಡಿದಳು.

“ರುದ್ರಮ್ಮೋರಂತೆ. ಚೆಂದಾಗೈತೆ. ಊರೋರ ಹೆಂಡ್ರ ಮಖ ಕಣ್ಣು ಮುಚ್ಕೊಂಡು ಮಾಡ್ತೀರಿ. ನನ್ನ ಮಖ ಒಂದ್ಸಲನಾದ್ರೂ ನೆಟ್ಟಗೆ ನೋಡಿದೀರಾ?”

“ಅದು ನೀನೇ ಕಣೇ” ಎಂದ ಹನುಮಯ್ಯ ಮೆಲ್ಲಗೆ.

“ಸುಳ್ಳು ಹೇಳಿದ್ರೂ ನಂಬೋ ಹಂಗಿರ್ಬೇಕು” ಎಂದಳು. ಊರಿಗೆ ಹೊರಟ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು. ಹಳೇಬೀಡು ದಾಟಿದ ಮೇಲೆ ಎದ್ದು ಬಂದು ಅವನ ಪಕ್ಕದಲ್ಲಿ ಕೂತು, “ಜಾವಗಲ್ ಕೆಲಸಕ್ಕೆ ನಾನೂ ಬತ್ತೀನಿ. ಎದುರಿಗೆ ಕುಂತ್ಕೊತೀನಿ. ನೋಡ್ಕೊಂಡು ಮಾಡಿ” ಎಂದಳು.

ಹನುಮಯ್ಯನಿಗೆ ದಿನದ ದಣಿವೆಲ್ಲ ಇಳಿದಂತಾಯಿತು. ಆಮೇಲೆ ಏನೋ ಹೊಳೆದು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ್ನು ತಡೆದು ಕೇಳಿದ: “ಸ್ವಾಮಿ, ಜಾವಗಲ್ ಛೇರ್ಮನ್ರಿಗೆ ಮದುವೆ ಆಗೈತಾ?”

“ಆಗೈತೆ” ಎಂದ ಕಂಡಕ್ಟರು. “ಅವರ ಹೆಂಡ್ರಿಗೆ ಐದು ಜನ ಅಕ್ಕತಂಗೀರು. ಎಲ್ಲಾ ಅಲ್ಲೇ ಅವ್ರೆ.”