ಕಡೇ ಆಟಕ್ಕೆ ಒನ್ಸ್ ಮೋರ್

ನಾಟಕ ಕಂಪನಿಗಳ ಒಳಮರ್ಮ ಬಲ್ಲವನು ಹೊಳಲ್ಕೆರೆಯಲ್ಲಿ ನಾನೊಬ್ಬನೇ ಎಂದು ಆ ವರ್ಷ ನನಗೆ ಖಚಿತವಾಗಿತ್ತು. ಜವಳಿ ಅಂಗಡಿ ನನ್ನ ಕಸುಬು, ನಾಟಕ ನನ್ನ ಧರ್ಮ. ಊರ ಹೊರಗಿನ ಬಯಲಿನಲ್ಲಿ ಡೇರೆ ಹಾಕಿ 'ಚಂಪಕಾವತಿ ವನವಾಸ' ಆಡುತ್ತಿದ್ದ ಕಂಪನಿಯವರು, ಗಾಡಿಯ ಮೇಲೆ ತಮಟೆ ಬಡಿಸುತ್ತಾ "ಇಂದೇ ಕಡೇ ಆಟ" ಎಂದು ಆಗಲೇ ಎಷ್ಟೋ ಸಲ ಸಾರಿಸಿದ್ದರು. ಮಾರನೆಯ ದಿನ "ಮಹಾಜನರ ಒತ್ತಾಯದ ಮೇರೆಗೆ" ಮತ್ತೆ ಆಟ ಇದ್ದೇ ಇರುತ್ತಿತ್ತು. ಒತ್ತಾಯ ಮಾಡಿದ ಆ ಮಹಾಜನ ಯಾರೆಂದು ಯಾರಿಗೂ ತಿಳಿಯದು. ಬಹುಶಃ ನಾನೇ ಇರಬೇಕು.

ನನ್ನ ಹೆಂಡತಿ ಗೌರಮ್ಮ ಮಗಳ ಬಾಣಂತನದಲ್ಲಿ ಮನೆ ಬಿಟ್ಟು ಕದಲಿರಲಿಲ್ಲ. ಕಾಡುಪಾಲಾದ ರಾಣಿ ಚಂಪಕಾವತಿಗೆ ಕಳೆದುಹೋದ ಮಗ ಕಡೇ ಅಂಕದಲ್ಲಿ ಸಿಗುತ್ತಾನೋ ಇಲ್ಲವೋ ಎಂಬುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಇವಳು ಮಾತ್ರ ಬಾವಿಕಟ್ಟೆಯಲ್ಲಿ ಆ ಮಾತು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಹೇಳಬ್ಯಾಡ್ರವ್ವ, ನಾನೇ ಕಣ್ಣಾರೆ ನೋಡ್ತೀನಿ" ಎನ್ನುತ್ತಿದ್ದಳು. ಬಾಣಂತನ ಮುಗಿದ ಮೇಲೆ ಕರೆದುಕೊಂಡು ಹೋಗಿ ಎಂದು ಕೇಳಿದಾಗಲೆಲ್ಲ ನಾನು, "ಆತುರ ಏನೈತೆ? ಕಂಪನಿ ಎಲ್ಲಿಗೂ ಹೋಗಲ್ಲ" ಎಂದು ಹೆಗಲಿಗೆ ಶಲ್ಯ ಹಾಕಿಕೊಂಡು ಒಬ್ಬನೇ ಹೋಗಿಬರುತ್ತಿದ್ದೆ.

ಒಂದು ಬೆಳಿಗ್ಗೆ ಕಂಪನಿಯ ಯಜಮಾನರೇ ನನ್ನ ಅಂಗಡಿಗೆ ಬಂದು, ಪರದೆಗಳನ್ನು ಸುತ್ತಿ ಕಟ್ಟಲು ದಪ್ಪ ಬಟ್ಟೆ ಬೇಕೆಂದರು. ಒಳ್ಳೆಯ ಗಿರಾಕಿ ಸಿಕ್ಕ ಖುಷಿಯಲ್ಲಿ ಅಳೆದು, ಹರಿದು, ಮಡಿಸಿ ಕೊಟ್ಟೆ. ಅವರು ಬೀದಿಯ ತಿರುವು ದಾಟಿದ ಮೇಲೆ ನನ್ನ ತಲೆಗೆ ಹೊಳೆಯಿತು. ಪರದೆ ಸುತ್ತುವುದೆಂದರೆ ಏನು? ಈ ಸಲದ ಕಡೇ ಆಟ ನಿಜವಾದ ಕಡೇ ಆಟ!

ಮಧ್ಯಾಹ್ನದ ಹೊತ್ತಿಗೆ ನಮ್ಮ ಜಗಲಿ ಕುದಿಯುತ್ತಿತ್ತು. ಪಕ್ಕದ ಮನೆಯ ಎಣ್ಣೆಗಾಣದ ಸಿದ್ದಪ್ಪನಂತೂ ಕೆಂಡವಾಗಿದ್ದ.

"ಎಷ್ಟು ಸೊಕ್ಕು ಇವರಿಗೆ! ನಮ್ಮೂರ ಮಜ್ಜಿಗೆ ಕುಡಿದು ಗಂಟಲು ಪಳಗಿಸ್ಕಂಡು, ಈಗ ದಾವಣಗೆರೆಯೋರಿಗೆ ಹಾಡಾಕೆ ಹೋಗ್ತಾರಂತೆ. ದಿವಾನರಿಗೆ ತಂತಿ ಕೊಡಾಣ" ಎಂದ.

"ದಿವಾನರು ಬಂದು ರಾಣಿ ಪಾರ್ಟು ಮಾಡ್ತಾರೇನಪ್ಪ?" ಎಂದು ಒಳಗಿನಿಂದ ಗೌರಮ್ಮ ಕೇಳಿದಳು. ಬಾಗಿಲಿಗೆ ಬಂದು ನನ್ನನ್ನು ನೋಡಿದಳು. "ಕಂಪನಿ ಎಲ್ಲಿಗೂ ಹೋಗಲ್ಲ ಅಂದಿದ್ರಲ್ಲ. ಈಗ ಎಲ್ಲಿಗೆ ಹೊಂಟೈತೆ?"

ಅವಳ ಸಿಟ್ಟಿನ ಮುಂದೆ ಸಿದ್ದಪ್ಪನ ಸಿಟ್ಟು ಬರೀ ಉಗುರುಬೆಚ್ಚಗಿತ್ತು. ಇವತ್ತೇ ಕರೆದುಕೊಂಡು ಹೋಗುತ್ತೇನೆ, ನಿನಗೆ ಕಡೇ ಅಂಕ ತೋರಿಸದೆ ಆ ಕಂಪನಿ ಊರು ಬಿಟ್ಟರೆ ನನ್ನ ಹೆಸರು ಬದಲಾಯಿಸು ಎಂದೆ. ಯಾವ ಹೆಸರಿಡಬೇಕೆಂದು ಅವಳು ಆಗಲೇ ಯೋಚಿಸಿದಂತೆ ಕಂಡಿತು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತು ಗೌರವಸ್ಥನಾಗಿರುತ್ತಿದ್ದೆ. ಆದರೆ ಹೆಂಡತಿಗೆ ಆಟ ತೋರಿಸುವುದರ ಜೊತೆಗೆ ಕಂಪನಿಗೂ ಬುದ್ಧಿ ಕಲಿಸಬೇಕೆಂಬ ಹಟ ಹುಟ್ಟಿತು. ಪ್ರೇಕ್ಷಕರು "ಒನ್ಸ್ ಮೋರ್" ಎಂದು ಕೂಗಿದರೆ ನಟನು ಆ ಪದವನ್ನು ಮತ್ತೆ ಹಾಡಲೇಬೇಕು. ಹಾಡದಿದ್ದರೆ ಅವನಿಗೇ ಅವಮಾನ. ಇದು ರಂಗಭೂಮಿಯ ರಾಜಶಾಸನ.

"ಪ್ರತಿ ಪದಕ್ಕೂ ಕೂಗಾಣ" ಎಂದು ಜಗಲಿಯ ಮಹಾಸಭೆಯ ಮುಂದೆ ಘೋಷಿಸಿದೆ. "ಚಿಕ್ಕಜಾಜೂರಿನಾಗೆ ಅವರಿಗೆ ರಾತ್ರಿ ರೈಲು ತಪ್ಪಬೇಕು. ರೈಲು ತಪ್ಪಿದ್ರೆ ನಾಳೆ ಇಲ್ಲೇ ಇರ್ತಾರೆ. ಇದ್ರೆ ಆಡ್ಲೇಬೇಕು."

"ಯಪ್ಪಾ, ಏನು ತಲೆ ನಿಮ್ದು" ಎಂದ ಸಿದ್ದಪ್ಪ. ನನಗೂ ಹಾಗೇ ಅನ್ನಿಸಿತ್ತು.

ರೈಲು ಹಿಡಿಯುವ ಅವಸರಕ್ಕೆ ಅಂದು ದೀಪ ಹಚ್ಚುವ ಹೊತ್ತಿಗೇ ಆಟ ಶುರುವಾಯಿತು. ಗೌರಮ್ಮ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕುಳಿತಳು. ನಾವು ಹಿಂದೆ ಮೊಳೆ ಹೊಡೆದಂತೆ ಕುಳಿತೆವು. ರಾಣಿಯ ಪಾತ್ರಧಾರಿ ನಿಜಜೀವನದಲ್ಲಿ ದಪ್ಪ ಮೀಸೆಗೆ ಯೋಗ್ಯನಾದ ಗಂಡಸು. ಆದರೆ ಕಾಡಿನಲ್ಲಿ ನಿಂತು ಜೋಗುಳ ಎತ್ತಿದನೆಂದರೆ ಸಿದ್ದಪ್ಪನ ಕಣ್ಣಲ್ಲೂ ನೀರು.

"ಒನ್ಸ್ ಮೋರ್!"

ಹಾಡಿದ. ಮತ್ತೆ ಕೂಗಿದೆವು. ಮತ್ತೆ ಹಾಡಿದ. ಮೊದಮೊದಲು ಅವನ ಮುಖ ಅರಳಿತು. ಆಮೇಲೆ ಸೆರಗಿನಿಂದ ಬೆವರು ಒರೆಸಿಕೊಂಡ. ರಾಜನ ಪದಕ್ಕೆ, ಮಂತ್ರಿಯ ಪದಕ್ಕೆ, ಕೊನೆಗೆ ಬರೀ ಮಾತಾಡಿಹೋದ ದ್ವಾರಪಾಲಕನಿಗೂ ಒನ್ಸ್ ಮೋರ್ ಬಿತ್ತು. ಆ ಪಾಪದವನು ಗಾಬರಿಯಿಂದ ಮರಳಿ ಬಂದು ಇನ್ನೊಮ್ಮೆ ಹೊರಗೆ ಹೋದ. ಹಾರ್ಮೋನಿಯಂ ಮಾಸ್ತರು ನಮ್ಮತ್ತ ತಿರುಗಿ ಬೈದದ್ದು ಬಾಯಿಯ ಆಕಾರದಿಂದಲೇ ತಿಳಿಯಿತು.

ಗೌರಮ್ಮ ಎದ್ದು ನಿಂತು ನನ್ನ ಕಡೆ ಜೋರಾಗಿ ಕೈ ಬೀಸಿದಳು. ನೋಡು, ನನ್ನ ಹೆಂಡತಿಯೂ ಹುರಿದುಂಬಿಸುತ್ತಿದ್ದಾಳೆ ಎಂದು ಸಿದ್ದಪ್ಪನಿಗೆ ತೋರಿಸಿ, ಇನ್ನೂ ಒಂದು ಗುಕ್ಕು ಉಸಿರು ತುಂಬಿಕೊಂಡು ಕೂಗಿದೆ. ಬಾಯಿ ಮುಚ್ಚಿ ಎಂಬುದೇ ಆ ಕೈಸನ್ನೆ ಎಂದು ನನಗೆ ಮಾರನೆಯ ದಿನ ವಿವರವಾಗಿ ತಿಳಿಸಲಾಯಿತು.

ಎರಡನೆಯ ಅಂಕ ಮುಗಿದಾಗ ಯಜಮಾನರು ಪರದೆಯ ಮುಂದೆ ಬಂದು ಕೈ ಮುಗಿದರು.

"ಮಹಾಜನಗಳೇ, ನಿಮ್ಮ ಪ್ರೀತಿ ದೊಡ್ಡದು. ಗಾಡಿ ಕಟ್ಟಿ ಆಗೈತೆ, ರೈಲಿನ ಹೊತ್ತಾಗೈತೆ. ರಾಣಿಯವರ ಗಂಟಲೂ ಕಟ್ಟೈತೆ. ಉಳಿದ ಅಂಕ ಬಿಟ್ಟು ಮಂಗಳ ಹಾಡಿಬಿಡ್ತೀವಿ, ತಪ್ಪು ತಿಳೀಬ್ಯಾಡ್ರಿ."

ಆಗಲಾದರೂ ಎದ್ದು ತಡೆಯಬಹುದಿತ್ತು. ಮಂಗಳ ಹಾಡುವವರೆಗೆ ಆಟ ಮುಗಿದಂತಲ್ಲ. ಹಾಡಿದ ಮೇಲೆ ಯಾರೂ ಮತ್ತೆ ರಂಗಕ್ಕೆ ಹತ್ತುವುದಿಲ್ಲ. ಡೇರೆಯ ತುಂಬ "ಕಡೇ ಅಂಕ ಆಡ್ರಿ, ಕಡೇ ಅಂಕ ಆಡ್ರಿ" ಎಂಬ ಗಲಾಟೆ. ಹೆಂಗಸರ ಕಡೆಯಿಂದಂತೂ ಬೈಗುಳದ ಮಳೆ. ಅಷ್ಟರಲ್ಲಿ ಮಂಗಳ ಶುರುವಾಗಿ ಮುಗಿದೇಹೋಯಿತು. ಸಂಜೆಯಿಂದ ಒಂದೇ ಮಾತಿಗೆ ಪಳಗಿದ್ದ ನನ್ನ ಬಾಯಿ, ನನ್ನ ಅಪ್ಪಣೆಗೂ ಕಾಯದೆ ಕೂಗಿತು:

"ಒನ್ಸ್ ಮೋರ್!"

ನಮ್ಮ ಸಾಲಿನವರೆಲ್ಲ ನನ್ನ ಹಿಂದೆ ಕೂಗಿದರು. ಯಜಮಾನರು ಧನ್ಯರಾದರು. ನಾಟಕವನ್ನು ಎರಡೆರಡು ಸಲ ಮುಗಿಸಿ, ಊರಿನ ಅಭಿಮಾನವನ್ನು ಕೊಂಡಾಡುತ್ತಾ, ನಾನೇ ಅಳೆದುಕೊಟ್ಟ ಬಟ್ಟೆಯಲ್ಲಿ ಪರದೆ ಸುತ್ತಿ ಗಾಡಿ ಹತ್ತಿದರು. ರೈಲು ಅವರಿಗೆ ಸುಖವಾಗಿ ಸಿಕ್ಕಿತಂತೆ. ನನಗೆ ಸಿಕ್ಕಿದ್ದು ಇಡೀ ಊರಿನ ಕೋಪ. ವಾರಗಟ್ಟಲೆ ನನ್ನ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳೂ ಕುಪ್ಪಸದ ಬಟ್ಟೆ ಮುಟ್ಟಲಿಲ್ಲ.

ಗೌರಮ್ಮ ಮಾರನೆಯ ದಿನ ಬೈದು ಮುಗಿಸಿ ಮಾತು ಬಿಟ್ಟಳು. ಕತೆಯ ಕೊನೆ ಹೇಳುತ್ತೇವೆಂದು ನೆರೆಯವರು ಬಂದರೆ, "ಕಣ್ಣಾರೆ ನೋಡದ ಕೊನೆ ನಂಗೆ ಬ್ಯಾಡ" ಎಂದು ಅವರನ್ನೂ ಕಳಿಸಿದಳು. ಕೊನೆಗೆ ಒಂದು ಸಂಜೆ ರೊಟ್ಟಿ ತಟ್ಟುತ್ತಾ ಅಂದಳು:

"ಹೆಸರು ಬದಲಾಯಿಸು ಅಂದಿದ್ರಿ. ಚಂಪಕಾವತಿ ಅಂತ ಇಟ್ಟೀನಿ. ಕಡೇ ಅಂಕ ನೀವೇ ಆಡಿ ತೋರಸ್ರಿ."

ಅವಳದೇ ಸೀರೆ ಉಟ್ಟೆ. ಮೊಮ್ಮಗನನ್ನು ಕಳೆದುಹೋದ ರಾಜಕುಮಾರನನ್ನಾಗಿ ಮಾಡಿ ತೊಟ್ಟಿಲಿನಿಂದ ಎತ್ತಿಕೊಂಡು, "ಹಾ ಮಗನೇ" ಎಂದು ಪದ ಎತ್ತಿದೆ. ರಾಜಕುಮಾರ ಕಿಟಾರನೆ ಕಿರುಚಿದ. ಹಿತ್ತಲ ಗೋಡೆಯಾಚೆಯಿಂದ ಸಿದ್ದಪ್ಪನ ತಲೆ ಮೇಲೆದ್ದಿತು.

"ಗೌರಕ್ಕ, ಏನಿದು?"

"ನಾಟಕ ಕಣಪ್ಪ."

"ಇನ್ನೂ ಎಷ್ಟು ದಿನ ಐತೆ?"

"ಇಲ್ಲಪ್ಪ, ಇವತ್ತೇ ಕಡೇ ಆಟ" ಎಂದಳು ಗೌರಮ್ಮ.

ಈ ಸಲ ಊರಿನ ಮಹಾಜನರು ಯಾರೂ ಒತ್ತಾಯ ಮಾಡಲಿಲ್ಲ.